ರೋಡಿಗೂ ಡ್ರ್ಯಾಗ್ ಸ್ಟ್ರಿಪ್ಪಿಗೂ ಒಂದೇ ಕಾರು: ಹಿಂದಿನ ಡಿಫರೆನ್ಷಿಯಲ್ ಹೌಸಿಂಗ್‌ಗೆ ಯಾವ ಲೋಹ?

ಗ್ಯಾರೇಜಿನ ತೊಲೆಗೆ ಹಗ್ಗ ಕಟ್ಟಿ ಒಂದು ಡಿಫರೆನ್ಷಿಯಲ್ ಕೇಸನ್ನು, ಅಂದರೆ ಎಂಜಿನ್ನಿನ ತಿರುವನ್ನು ಹಿಂದಿನ ಎರಡೂ ಚಕ್ರಕ್ಕೆ ಹಂಚುವ ಗೇರುಗಳ ಗೂಡನ್ನು, ನೇತು ಹಾಕಿದ್ದೆ. ಒಂದು ಕೈಯಲ್ಲಿ ಸಣ್ಣ ಸುತ್ತಿಗೆ, ಇನ್ನೊಂದರಲ್ಲಿ ಫೋನು. ವಿಡಿಯೋ ಕಾಲ್‌ನ ಆ ಕಡೆ ಬೆಳಗಾವಿಯ ನನ್ನ ಸೋದರಮಾವ. ಉದ್ಯಮಬಾಗದ ಫೌಂಡ್ರಿಯಲ್ಲಿ ಜೀವಮಾನವೆಲ್ಲ ಎರಕ ಹೊಯ್ದವರು. ನಾನು ಕೇಸಿನ ಬಣ್ಣ, ರಿಬ್ಬು, ಬೋಲ್ಟಿನ ತೂತು ಎಲ್ಲವನ್ನೂ ತೋರಿಸುತ್ತಿದ್ದೆ. ಅವರಿಗೆ ಬೇಸರ ಬಂತು.

“ಬಣ್ಣಾ ಏನ್ ನೋಡ್ತಿ ತಮ್ಮಾ, ಬಡದ ಕೇಳು.”

ಬಡಿದೆ. ‘ದಡ್’ ಅಂತು. ಇನ್ನೊಂದು ಸಲ ಬಡಿದೆ. ಮತ್ತೆ ‘ದಡ್’.

“ಗ್ರೇ ಐತಿ ಬಿಡು. ಎಸ್‌ಜಿ ಇದ್ದಿದ್ರ ಗಂಟಿ ಹಂಗ ಅಂತಿತ್ತು.”

ನಾನಿರೋದು ಅಮೆರಿಕದ ಮಿಶಿಗನ್‌ನಲ್ಲಿ. ಹಳೇ ಬಿಡಿಭಾಗಗಳ ಸಂತೆಯೊಂದರಲ್ಲಿ ಅದನ್ನು ನೋಡ್ಯುಲರ್ ಐರನ್ ಅಂತ ನಂಬಿ ಕೊಂಡಿದ್ದೆ. ಅಂದರೆ ಮಾಮೂಲಿ ಗ್ರೇ ಬೀಡು ಕಬ್ಬಿಣಕ್ಕಿಂತ ಗಟ್ಟಿಯಾದ, ನಮ್ಮ ಬೆಳಗಾವಿಯವರ ಎಸ್‌ಜಿ ಐರನ್. ಮಾರಿದವನೂ ಹಾಗೇ ಹೇಳಿದ್ದ. ಆಮೇಲೆ ವೈರ್ ಬ್ರಷ್ ಹಾಕಿ ದಪ್ಪ ಬಣ್ಣ ತೆಗೆದು ನೋಡಿದರೆ, ಇರಬೇಕಾದ ಗುರುತು ಅಲ್ಲಿ ಇರಲೇ ಇಲ್ಲ. ವಾರದ ದಿನ ಆಫೀಸಿಗೆ, ಶನಿವಾರ ಡ್ರ್ಯಾಗ್ ಸ್ಟ್ರಿಪ್ಪಿನ ಕಾಲು ಮೈಲಿ ನೇರ ಓಟಕ್ಕೆ ಒಂದೇ ಕಾರು ಓಡಿಸುವವರು ಹಿಂದಿನ ಡಿಫರೆನ್ಷಿಯಲ್‌ಗೆ ಲೋಹ ಆರಿಸುವುದು ಹೇಗೆ ಅಂತ ಹಂತ ಹಂತವಾಗಿ ಬರೆಯುತ್ತೇನೆ. ಉದಾಹರಣೆಗೆ ಫೋರ್ಡ್ 9 ಇಂಚಿನ ಆಕ್ಸಲ್ ಇಟ್ಟುಕೊಂಡಿದ್ದೇನೆ. 1957ರಿಂದ 1986ರವರೆಗೆ ಕಾರ್ಖಾನೆಯಿಂದ ಬಂದದ್ದು ಇದು. ಇವತ್ತು ಇದರ ಒಂದೊಂದು ಭಾಗವೂ ಹೊಸದಾಗಿ, ಬೇರೆ ಬೇರೆ ಲೋಹಗಳಲ್ಲಿ ಸಿಗುತ್ತದೆ. ಹಾಗಾಗಿ ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯದು ಇಲ್ಲ.

ಹೆಜ್ಜೆ 1: ‘ಹೌಸಿಂಗ್’ ಅಂದರೆ ಯಾವುದು ಅಂತ ಮೊದಲು ಬಿಡಿಸಿಕೊಳ್ಳಿ

ಅಂಗಡಿಯಲ್ಲಿ ‘ಹೌಸಿಂಗ್’ ಅಂತ ಕೇಳಿದರೆ ಎರಡು ಬೇರೆ ವಸ್ತು ತೋರಿಸುತ್ತಾರೆ. 9 ಇಂಚಿನದರಲ್ಲಿ ಕ್ರೌನ್ ವೀಲು (ದೊಡ್ಡ ಹಲ್ಲಿನ ಚಕ್ರ), ಪಿನಿಯನ್ನು (ಅದನ್ನು ತಿರುಗಿಸುವ ಸಣ್ಣ ಗೇರು), ಬೇರಿಂಗು ಎಲ್ಲ ಒಂದು ಎರಕದ ಕೇಸಿನಲ್ಲಿ ಕೂತಿರುತ್ತವೆ. ಇದನ್ನು ಇಲ್ಲಿ ಥರ್ಡ್ ಮೆಂಬರ್ ಅನ್ನುತ್ತಾರೆ. ಹತ್ತು ಬೋಲ್ಟು ಬಿಚ್ಚಿ, ಆಕ್ಸಲ್ ಶಾಫ್ಟ್ ಹೊರಗೆಳೆದರೆ ಇಡೀ ಕೇಸು ಮುಂದಕ್ಕೆ ಕೈಗೆ ಬರುತ್ತದೆ. ಅದು ಕೂರುವ ದೊಡ್ಡ ಹೊಟ್ಟೆ, ಎರಡೂ ಕಡೆಯ ಕೊಳವೆ, ತುದಿಯ ಫ್ಲ್ಯಾಂಜು, ಇವೆಲ್ಲ ಸೇರಿ ಆಕ್ಸಲ್ ಹೌಸಿಂಗ್.

ಎರಡರ ಕೆಲಸವೂ ಬೇರೆ, ಲೋಹವೂ ಬೇರೆ. ಕೇಸು ಗೇರುಗಳನ್ನು ಒಂದಕ್ಕೊಂದು ಎದುರಾಗಿ ಹಿಡಿದಿಡಬೇಕು. ಹೌಸಿಂಗ್ ಕಾರಿನ ಭಾರ ಹೊರಬೇಕು, ತಿರುಚುವುದನ್ನು ತಡೆಯಬೇಕು. ಕೇಸಿಗೆ ಗ್ರೇ ಐರನ್, ನೋಡ್ಯುಲರ್ ಐರನ್, ಅಲ್ಯೂಮಿನಿಯಂ ಇವೆ. ಬರೀ ರೇಸಿನವರಿಗೆ ಮೆಗ್ನೀಷಿಯಂ ಕೂಡ ಇದೆ. ಹೌಸಿಂಗ್ ಮಾತ್ರ ನಮ್ಮಂಥ ಕಾರುಗಳಲ್ಲಿ ಹೆಚ್ಚುಕಡಿಮೆ ಯಾವಾಗಲೂ ಉಕ್ಕು. ಮೊದಲು ಕೇಸು ನೋಡೋಣ, ತಲೆ ಕೆಡಿಸುವುದು ಅದೇ.

ಫೋರ್ಡ್ 8.8, ಜಿಎಂ 12 ಬೋಲ್ಟ್, ಡೇನಾ 60 ಇಂಥ ಬೇರೆ ಆಕ್ಸಲ್ಲುಗಳಲ್ಲಿ ಕೇಸು ಪ್ರತ್ಯೇಕವಾಗಿ ಇಲ್ಲ. ನಡುವಿನ ಎರಕಕ್ಕೇ ಕೊಳವೆ ಒತ್ತಿ ಕೂರಿಸಿರುತ್ತಾರೆ. ಅವುಗಳ ವಿಷಯ ಹೌಸಿಂಗ್ ಜಾಗದಲ್ಲಿ ಹೇಳುತ್ತೇನೆ.

ಹೆಜ್ಜೆ 2: ಹಾರ್ಸ್‌ಪವರ್ ಮರೆತು ಟೈರ್ ನೋಡಿ

ಎಲ್ಲರೂ ಮೊದಲು ಕೇಳೋದು “ಎಷ್ಟು ಹಾರ್ಸ್‌ಪವರ್ ತಡೆಯುತ್ತೆ?” ಅಂತ. ಇದು ಅರ್ಧ ಪ್ರಶ್ನೆ. ಟೈರ್ ಜಾರಿದರೆ ಗೇರಿಗೆ ಏನೂ ಆಗಲ್ಲ, ಅಲ್ವಾ? ಟೈರ್ ನೆಲ ಕಚ್ಚಿ ಹಿಡಿದಾಗಲೇ ಏಟು ಕೇಸಿಗೆ ಬೀಳೋದು.

ಲೆಕ್ಕ ಹಾಕೋಣ. ಕಾರು, ಡ್ರೈವರ್ ಸೇರಿ 1500 ಕಿಲೋ. ಎಂಜಿನ್ನಿನ ತಿರುಗಿಸುವ ಬಲ, ಅಂದರೆ ಟಾರ್ಕ್, 550 ನ್ಯೂಟನ್ ಮೀಟರ್. ಫೋರ್ಡಿನ ಸಿ4 ಆಟೋಮ್ಯಾಟಿಕ್ ಗೇರ್‌ಬಾಕ್ಸು, ಮೊದಲ ಗೇರಿನ ಅನುಪಾತ 2.46. ಹೊರಡುವಾಗ ಟಾರ್ಕ್ ಕನ್ವರ್ಟರು ಇಮ್ಮಡಿ ಮಾಡುತ್ತದೆ ಅಂತಿಟ್ಟುಕೊಳ್ಳಿ. ಕ್ರೌನ್ ಪಿನಿಯನ್ ಅನುಪಾತ 3.89. ಎಲ್ಲ ಗುಣಿಸಿದರೆ ಚಕ್ರದ ಹತ್ತಿರ ಸುಮಾರು 10,500 ನ್ಯೂಟನ್ ಮೀಟರ್ ಬರುತ್ತದೆ. ಇದು ಎಂಜಿನ್ ಕೊಡಬಲ್ಲದ್ದು.

ಟೈರ್ ತಗೊಳ್ಳೋದು ಬೇರೆ. ಚಕ್ರದ ತ್ರಿಜ್ಯ 0.33 ಮೀಟರ್. ಸಾಮಾನ್ಯ ರೋಡ್ ಟೈರು, ಹಿಡಿತ 0.9, ಹೊರಡುವಾಗ ಹಿಂದಿನ ಚಕ್ರಗಳ ಮೇಲೆ 55 ಪರ್ಸೆಂಟ್ ಭಾರ. ಆಗ ನೆಲ ತಡೆದುಕೊಳ್ಳೋದು ಸುಮಾರು 2400 ನ್ಯೂಟನ್ ಮೀಟರ್. ಅದಕ್ಕಿಂತ ಜಾಸ್ತಿ ಕೊಟ್ಟರೆ ಟೈರ್ ಹೊಗೆ ಬಿಡುತ್ತದೆ ಅಷ್ಟೇ. ಈಗ ಅದೇ ಕಾರಿಗೆ ಸ್ಲಿಕ್ (ಗೆರೆಯಿಲ್ಲದ ರೇಸ್ ಟೈರು) ಹಾಕಿ, ಅಂಟು ಸಿಂಪಡಿಸಿದ ಸ್ಟ್ರಿಪ್ಪಿನಲ್ಲಿ ನಿಲ್ಲಿಸಿ. ಹಿಡಿತ 1.5, ಹಿಂದೆ 70 ಪರ್ಸೆಂಟ್ ಭಾರ. ಲೆಕ್ಕ 5100ಕ್ಕೆ ಏರುತ್ತದೆ. ಎಂಜಿನ್ನಿನ ಒಂದು ನಟ್ಟೂ ಬದಲಾಗಿಲ್ಲ. ಬರೀ ಟೈರ್ ಬದಲಾಯಿಸಿದ್ದಕ್ಕೆ ಕೇಸಿನ ಮೇಲಿನ ಹೊರೆ ಎರಡು ಪಟ್ಟಿಗಿಂತ ಜಾಸ್ತಿ ಆಯಿತು.

ಕ್ರೌನ್ ವೀಲಿನ ಹಲ್ಲುಗಳು ಕೇಂದ್ರದಿಂದ ಸರಿಸುಮಾರು 10 ಸೆಂಟಿಮೀಟರ್ ದೂರದಲ್ಲಿವೆ. ಅಂದರೆ ಹಲ್ಲಿನ ಮೇಲೆ ಬೀಳುವ ಒತ್ತಡ 5 ಟನ್ ಹತ್ತಿರ. ಹಲ್ಲು ಓರೆಯಾಗಿರುವುದರಿಂದ ಅದರ ದೊಡ್ಡ ಪಾಲು ಪಿನಿಯನ್ನನ್ನೂ ಕ್ರೌನ್ ವೀಲನ್ನೂ ಒಂದರಿಂದ ಒಂದನ್ನು ದೂರ ತಳ್ಳಲು ಖರ್ಚಾಗುತ್ತದೆ. ಆ ತಳ್ಳಾಟವನ್ನು ತಡೆಯೋದು ಕೇಸಿನ ಕೆಲಸ.

ಇದು ಮೆತ್ತಗೆ ಹೊರಟಾಗಿನ ಲೆಕ್ಕ. ಗೇರ್‌ಬಾಕ್ಸನ್ನೇ ಬಿಗಿಹಿಡಿದು ಗುಂಡಿ ಬಿಟ್ಟ ಕೂಡಲೇ ಹೊರಡಿಸುವ ಟ್ರಾನ್ಸ್‌ಬ್ರೇಕ್ ಇದ್ದರೆ, ಅಥವಾ ಮ್ಯಾನ್ಯುಯಲ್ ಗೇರಿನಲ್ಲಿ 5000 ಆರ್‌ಪಿಎಂಗೆ ಏರಿಸಿ ಕ್ಲಚ್ಚಿನಿಂದ ಕಾಲು ಜಾರಿಸುವವರು ನೀವಾಗಿದ್ದರೆ, ಮೊದಲ ಏಟು ಈ ಅಂಕಿಯನ್ನೂ ದಾಟುತ್ತದೆ.

ಒಂದು ಹಾಳೆಯಲ್ಲಿ ನಾಲ್ಕು ವಿಷಯ ಬರೆದುಕೊಳ್ಳಿ: ಕಾರಿನ ತೂಕ, ಯಾವ ಟೈರು, ಹೇಗೆ ಹೊರಡಿಸುತ್ತೀರಿ, ವರ್ಷಕ್ಕೆ ರೋಡಿನಲ್ಲಿ ಎಷ್ಟು ಮೈಲಿ. ನಾಲ್ಕನೆಯದನ್ನು ಸುಮ್ನೆ ಬರೆಸುತ್ತಿಲ್ಲ. ಕೊನೆಗೆ ತೀರ್ಮಾನ ಮಾಡೋದು ಅದೇ.

ಹೆಜ್ಜೆ 3: ಮುರಿಯೋದಕ್ಕಿಂತ ಬಾಗೋದೇ ದೊಡ್ಡ ಕಷ್ಟ

ಕೇಸು ಎರಡು ಹೋಳಾಗಿ ಒಡೆಯುವುದು ಅಪರೂಪ. ಸಾಮಾನ್ಯವಾಗಿ ಆಗೋದು ಹೀಗೆ: ಹೊರಡುವ ಆ ಒಂದು ಕ್ಷಣ ಕೇಸು ಕೂದಲೆಳೆಯಷ್ಟು ಬಾಗುತ್ತದೆ. ಪಿನಿಯನ್ನು ಪಕ್ಕಕ್ಕೆ ಸರಿಯುತ್ತದೆ. ಹಲ್ಲಿನ ಅಗಲಕ್ಕೆ ಹರಡಬೇಕಾದ ಭಾರ ಹಲ್ಲಿನ ತುದಿಗೆ ಬೀಳುತ್ತದೆ. ತುದಿ ಚಕ್ಕೆ ಏಳುತ್ತದೆ. ಆಮೇಲೆ ನಾವು ಗೇರ್ ಮಾಡಿದವನನ್ನು ಬೈಯುತ್ತೇವೆ.

ಹಾಗಾಗಿ ಲೋಹದ ‘ಸ್ಟ್ರೆಂತ್’ ಅಂಕಿ ಮಾತ್ರ ಓದಬೇಡಿ. ಬಾಗದೆ ನಿಲ್ಲುವ ಗುಣಕ್ಕೆ ಬೇರೆ ಅಂಕಿ ಇದೆ, ಯಂಗ್ಸ್ ಮಾಡ್ಯುಲಸ್. ಉಕ್ಕಿಗೆ ಸುಮಾರು 205 ಗಿಗಾಪಾಸ್ಕಲ್. ನೋಡ್ಯುಲರ್ ಐರನ್‌ಗೆ 170ರ ಹತ್ತಿರ. ಗ್ರೇ ಐರನ್‌ಗೆ ದರ್ಜೆ ನೋಡಿ 100ರ ಆಚೀಚೆ. ಅಲ್ಯೂಮಿನಿಯಂಗೆ 72, ಮೆಗ್ನೀಷಿಯಂಗೆ 45. ಅಂದರೆ ಅಚ್ಚು ಅದೇ, ದಪ್ಪ ಅದೇ ಇದ್ದರೆ ಅಲ್ಯೂಮಿನಿಯಂ ಕೇಸು ನೋಡ್ಯುಲರ್‌ಗಿಂತ ಎರಡು ಪಟ್ಟಿಗಿಂತ ಜಾಸ್ತಿ ಬಾಗುತ್ತದೆ.

ಒಳ್ಳೆಯ ಅಲ್ಯೂಮಿನಿಯಂ ಕೇಸು ಮಾಡುವವರಿಗೆ ಇದು ಗೊತ್ತು. ಗೋಡೆ ದಪ್ಪ ಮಾಡುತ್ತಾರೆ, ಹೊರಗೆ ದೊಡ್ಡ ರಿಬ್ಬು ಕೊಡುತ್ತಾರೆ. ತೂಕಕ್ಕೆ ತೂಕ ಇಟ್ಟು ನೋಡಿದರೆ ಉಕ್ಕು, ಅಲ್ಯೂಮಿನಿಯಂ, ಮೆಗ್ನೀಷಿಯಂ ಮೂರರ ಬಿಗಿತವೂ ಹೆಚ್ಚುಕಡಿಮೆ ಒಂದೇ. ದಪ್ಪ ಮಾಡಲು ಜಾಗ ಇದ್ದ ಕಡೆ ಹಗುರ ಲೋಹ ಗೆಲ್ಲುತ್ತದೆ. ಆದರೆ 9 ಇಂಚಿನ ಕೇಸು ಕೂರುವ ತೂತಿನ ಅಳತೆ ಮೊದಲೇ ನಿಗದಿಯಾಗಿದೆ. ಹೊರಗೆ ಜಾಗ ಉಂಟು, ಒಳಗೆ ಅಷ್ಟಿಲ್ಲ.

ಒಳಗಿನ ಇಕ್ಕಟ್ಟು ಎಲ್ಲಿ ಅಂತ ತಿಳಿಯಬೇಕಾದರೆ ಖಾಲಿ ಕೇಸನ್ನು ಮಗುಚಿ ನೋಡಿ. ಈ ಡಿಸೈನಿನಲ್ಲಿ ಪಿನಿಯನ್ನಿಗೆ ಮುಂದೆ ಎರಡು ಬೇರಿಂಗು, ಹಿಂತುದಿಗೆ ಮೂರನೆಯದೊಂದು ಸಣ್ಣ ಪೈಲಟ್ ಬೇರಿಂಗು. ಪಿನಿಯನ್ನು ಎರಡೂ ಕಡೆ ಹಿಡಿಸಿಕೊಂಡಿರುತ್ತದೆ, ಅದಕ್ಕೇ ಇದು ಗಟ್ಟಿ ಅಂತ ಹೆಸರು ಮಾಡಿದ್ದು. ಆ ಪೈಲಟ್ ಬೇರಿಂಗಿನ ಬಳೆಯನ್ನು ಕೇಸಿನ ಒಳಗಿಂದ ಚಾಚಿದ ತೆಳು ತುಂಡೊಂದು ಹಿಡಿದಿರುತ್ತದೆ. ಹಳೇ ಗ್ರೇ ಐರನ್ ಕೇಸುಗಳು ಬಿರಿಯೋದು ಅಲ್ಲೇ. ಹೊಸ ಕೇಸು ಕೊಳ್ಳುವಾಗಲೂ ಬೆರಳು ಹಾಕಿ ಆ ಜಾಗದ ದಪ್ಪ ಮುಟ್ಟಿ ನೋಡಿ. ಬೇರೆಲ್ಲ ಕಡೆ ದಷ್ಟಪುಷ್ಟವಾಗಿದ್ದು ಅಲ್ಲಿ ಸಣಕಲಾಗಿದ್ದರೆ ನಾನಂತೂ ಕೊಳ್ಳಲ್ಲ.

ಹೆಜ್ಜೆ 4: ಲೋಹಗಳ ಗುಣ ತಿಳಿದುಕೊಳ್ಳಿ

ಗ್ರೇ ಐರನ್ ಅಂದರೆ ನಮ್ಮ ಮಾಮೂಲಿ ಬೀಡು. ಒಳಗಿನ ಇಂಗಾಲ ತೆಳು ಪದರು ಪದರಾಗಿ ಹರಡಿರುತ್ತದೆ. ಚಿರೋಟಿ ನೆನಪಿಸಿಕೊಳ್ಳಿ. ಮೇಲಿಂದ ಒತ್ತಿದರೆ ತಡೆಯುತ್ತದೆ, ಎಳೆದರೆ ಪದರು ಬಿಡುತ್ತದೆ. ಸಾಧಾರಣ ದರ್ಜೆಯದು ಎಳೆತಕ್ಕೆ ಸುಮಾರು 200 ಮೆಗಾಪಾಸ್ಕಲ್ ತಡೆಯುತ್ತದೆ. ಮುರಿಯುವ ಮುಂಚೆ ಒಂದು ಪರ್ಸೆಂಟ್ ಕೂಡ ಹಿಗ್ಗಲ್ಲ. ಮುನ್ಸೂಚನೆ ಕೊಡದೆ ಹೋಗುತ್ತದೆ. ಅದರ ಒಳ್ಳೆಯ ಗುಣ ಸದ್ದು ನುಂಗೋದು. ಅದಕ್ಕೇ ಸುತ್ತಿಗೆ ಏಟಿಗೆ ‘ದಡ್’ ಅನ್ನೋದು, ಅದಕ್ಕೇ ಗೇರಿನ ಕೊರೆತದ ಸದ್ದು ಸೀಟಿನವರೆಗೆ ಬರದೇ ಇರೋದು. ರೋಡ್ ಟೈರಿನಲ್ಲೇ ಓಡುವ ಕಾರಿಗೆ ಇದು ವರ್ಷಾನುಗಟ್ಟಲೆ ಬಾಳುತ್ತದೆ. ಸ್ಲಿಕ್ ಹಾಕುವ ಯೋಚನೆ ಇದ್ದರೆ ಬೇಡ.

ನೋಡ್ಯುಲರ್ ಐರನ್ ಕೂಡ ಬೀಡೇ. ಕರಗಿದ ಕಬ್ಬಿಣಕ್ಕೆ ಹೊಯ್ಯುವ ಮುಂಚೆ ಚೂರು ಮೆಗ್ನೀಷಿಯಂ ಸೇರಿಸುತ್ತಾರೆ. ಕೊನೆಗೆ ಲೋಹದಲ್ಲಿ ಉಳಿಯೋದು ನೂರಕ್ಕೆ 0.04ರಷ್ಟು, ಅಷ್ಟೇ. ಆದರೆ ಅಷ್ಟಕ್ಕೇ ಇಂಗಾಲ ಪದರಾಗದೆ ಸಣ್ಣ ಸಣ್ಣ ಗುಂಡುಗಳಾಗುತ್ತದೆ, ರವೆ ಉಂಡೆಯೊಳಗಿನ ದ್ರಾಕ್ಷಿ ಥರ. ಬಿರುಕು ಓಡಲು ದಾರಿ ಸಿಗಲ್ಲ. 1943ರಲ್ಲಿ ಇಂಟರ್‌ನ್ಯಾಷನಲ್ ನಿಕಲ್ ಕಂಪನಿಯ ಕೀತ್ ಮಿಲಿಸ್ ಕಂಡುಕೊಂಡದ್ದು ಇದು. 65-45-12 ಅನ್ನುವ ಸಾಮಾನ್ಯ ದರ್ಜೆ ನೋಡಿ: ಎಳೆತಕ್ಕೆ 65 ಸಾವಿರ ಪಿಎಸ್‌ಐ, ಅಂದರೆ 450 ಮೆಗಾಪಾಸ್ಕಲ್ ಹತ್ತಿರ. ಮುರಿಯುವ ಮುಂಚೆ 12 ಪರ್ಸೆಂಟ್ ಹಿಗ್ಗುತ್ತದೆ. ಗ್ರೇಗೆ ಹೋಲಿಸಿದರೆ ಇದು ಬೇರೆಯೇ ಜಾತಿ.

ಅಲ್ಯೂಮಿನಿಯಂ ಕೇಸು ಸಾಮಾನ್ಯವಾಗಿ ಎ356-ಟಿ6 ಥರದ ಎರಕ. ತೂಕ ಕಬ್ಬಿಣದ ಮೂರನೇ ಒಂದಕ್ಕಿಂತ ಸ್ವಲ್ಪ ಜಾಸ್ತಿ. ಗೋಡೆ ದಪ್ಪ ಮಾಡಿದ ಮೇಲೆ ಕೇಸಿನಲ್ಲಿ ಉಳಿತಾಯ 8–10 ಕಿಲೋ ಆಗಬಹುದು. ಬಿಸಿಯನ್ನೂ ಬೇಗ ಹೊರಹಾಕುತ್ತದೆ. ಆದರೆ ಅದಕ್ಕೆ ಒಂದು ಕೆಟ್ಟ ಗುಣ ಇದೆ: ದಣಿವು. ಉಕ್ಕು, ನೋಡ್ಯುಲರ್ ಐರನ್ ಇವಕ್ಕೆ ಒಂದು ಮಿತಿ ಇರುತ್ತದೆ. ಹೊರೆ ಅದರೊಳಗೇ ಇದ್ದರೆ ಎಷ್ಟು ಸಾವಿರ ಸಲ ಬಾಗಿದರೂ ಲೆಕ್ಕಕ್ಕಿಲ್ಲ. ಅಲ್ಯೂಮಿನಿಯಂಗೆ ಅಂಥ ಮಿತಿ ಇಲ್ಲ. ಪ್ರತಿಯೊಂದು ಬಾಗೂ ಖಾತೆಗೆ ಜಮಾ ಆಗುತ್ತಾ ಹೋಗುತ್ತದೆ.

ಮೆಗ್ನೀಷಿಯಂ ಬಗ್ಗೆ ಒಂದೇ ಮಾತು. ರೋಡಿಗೆ ಇಳಿಯುವ ಕಾರಿಗೆ ಬೇಡ. ಉಪ್ಪು ನೀರು ತಗುಲಿದರೆ ಬೇಗ ತಿಂದುಹೋಗುತ್ತದೆ, ಮತ್ತು ಇಲ್ಲಿ ಚಳಿಗಾಲದ ರೋಡಿಗೆ ಉಪ್ಪು ಸುರಿಯುತ್ತಾರೆ.

ಹೆಜ್ಜೆ 5: ಬಿಸಿಯ ಲೆಕ್ಕ, ನಾನು ಎಡವಿದ ಜಾಗ

ಆ ‘ದಡ್’ ಕೇಸಿನ ಸಿಟ್ಟಿನಲ್ಲಿ ನಾನು ಇನ್ನೊಂದು ತುದಿಗೆ ಹೋದೆ. ಅಲ್ಯೂಮಿನಿಯಂ ಕೇಸು ತಂದೆ. ಗೇರ್ ಕೂರಿಸಲು ಒಂದು ವರ್ಕ್‌ಶಾಪಿಗೆ ಕೊಟ್ಟೆ. ಅವರು ಕಬ್ಬಿಣದ ಕೇಸಿಗೆ ಇಡುವ ಹಾಗೇ ಸೆಟ್ಟಿಂಗ್ ಇಟ್ಟರು. ನನಗೂ ಆಗ ಗೊತ್ತಿರಲಿಲ್ಲ. ಸ್ಟ್ರಿಪ್ಪಿನಲ್ಲಿ ಚೆನ್ನಾಗೇ ಓಡಿತು. ಜುಲೈನಲ್ಲಿ ಎರಡು ಗಂಟೆ ಹೈವೇ ಓಡಿಸಿದೆ ನೋಡಿ, ಹಿಂದಿನಿಂದ ಸಣ್ಣಗೆ ಕುಯ್ ಅನ್ನಲು ಶುರುವಾಯಿತು. ತಣ್ಣಗಾದ ಮೇಲೆ ಸದ್ದೇ ಇಲ್ಲ. ಮರುದಿನ ಮತ್ತೆ ಅದೇ ಕತೆ.

ಬಿಚ್ಚಿ ಮೇಜಿನ ಮೇಲೆ ಇಟ್ಟೆ. ಡಯಲ್ ಗೇಜ್ ಹಚ್ಚಿದರೆ ಹಲ್ಲುಗಳ ನಡುವಿನ ಸಡಿಲ, ಅಂದರೆ ಬ್ಯಾಕ್‌ಲ್ಯಾಶ್ 9 ಥೌ, ಸರಿಯಾಗೇ ಇದೆ. ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ. ಹೆಂಡತಿ ಎಸೆಯಲು ಇಟ್ಟಿದ್ದ ಹಳೇ ಓವನ್ ಗ್ಯಾರೇಜಿನಲ್ಲೇ ಇತ್ತು. ಎಣ್ಣೆ ಒರೆಸಿ, ಇಡೀ ಥರ್ಡ್ ಮೆಂಬರನ್ನು ಒಳಗೆ ತುರುಕಿ 90 ಡಿಗ್ರಿಗೆ ಒಂದೂವರೆ ಗಂಟೆ ಕಾಯಿಸಿದೆ. ಹೊರಗೆ ತೆಗೆದು ಅಳೆದರೆ 13 ಥೌ. ಕ್ರೌನ್ ವೀಲನ್ನು ಎರಡೂ ಬದಿ ಹಿಡಿದ ಸೈಡ್ ಬೇರಿಂಗಿನ ಬಿಗಿತವೂ ಸಡಿಲ. ಗ್ಯಾರೇಜಿನಲ್ಲಿ ಗೇರ್ ಆಯಿಲ್ ವಾಸನೆ ವಾರವಿಡೀ ಇತ್ತು, ಅದು ಬೇರೆ ವಿಷಯ.

ಕಾರಣ ಸರಳ. ಒಂದು ಡಿಗ್ರಿ ಬಿಸಿಗೆ ಅಲ್ಯೂಮಿನಿಯಂ ಮೀಟರಿಗೆ 21.5 ಮೈಕ್ರಾನ್ ಹಿಗ್ಗುತ್ತದೆ. ಕಬ್ಬಿಣ, ಉಕ್ಕು 11–12 ಮೈಕ್ರಾನ್. ಕೇಸಿನ ಎರಡು ಸೈಡ್ ಬೇರಿಂಗುಗಳ ನಡುವೆ 200 ಮಿಲಿಮೀಟರ್ ಅಂತಿಟ್ಟುಕೊಳ್ಳಿ. ಬಿಸಿ 20ರಿಂದ 100 ಡಿಗ್ರಿಗೆ ಏರಿತು ಅನ್ನಿ. ಕೇಸು 0.34 ಮಿಲಿಮೀಟರ್ ಅಗಲವಾಗುತ್ತದೆ. ಒಳಗಿರುವ ಉಕ್ಕಿನ ಸಾಮಾನು 0.19 ಮಾತ್ರ. ಉಳಿದ 0.15 ಮಿಲಿಮೀಟರ್, ಅಂದರೆ 6 ಥೌ, ನೀವು ಕಷ್ಟಪಟ್ಟು ಬೇರಿಂಗಿಗೆ ಮೊದಲೇ ಕೊಟ್ಟ ಬಿಗಿತವನ್ನು, ಅಂದರೆ ಪ್ರೀಲೋಡನ್ನು, ತಿಂದುಹಾಕುತ್ತದೆ. ಬೇರಿಂಗ್ ಕಪ್ (ಬೇರಿಂಗಿನ ಹೊರಬಳೆ) ಕೂರುವ 78 ಮಿಲಿಮೀಟರ್ ತೂತಿನಲ್ಲೂ 0.06ರಷ್ಟು ಸಡಿಲ ಬರುತ್ತದೆ. ಕಬ್ಬಿಣದ ಕೇಸಿನಲ್ಲಿ ಈ ವ್ಯತ್ಯಾಸ ಲೆಕ್ಕಕ್ಕೇ ಬರಲ್ಲ, ಕೇಸೂ ಒಳಗಿನ ಸಾಮಾನೂ ಒಟ್ಟಿಗೇ ಹಿಗ್ಗುತ್ತವೆ.

ಕಾಲು ಮೈಲಿ ಓಟ ಹತ್ತು ಹನ್ನೊಂದು ಸೆಕೆಂಡು. ಅಷ್ಟರಲ್ಲಿ ಕೇಸು ಬಿಸಿಯೇ ಆಗಲ್ಲ. ಅದಕ್ಕೇ ಬರೀ ಡ್ರ್ಯಾಗ್ ಕಾರಿನವರು ಅಲ್ಯೂಮಿನಿಯಂ ಹಾಕಿ ನೆಮ್ಮದಿಯಾಗಿರುತ್ತಾರೆ. ಹೈವೇ ಹಾಗಲ್ಲ. ಅದರಲ್ಲೂ 9 ಇಂಚಿನದರಲ್ಲಿ ಪಿನಿಯನ್ನು ಕ್ರೌನ್ ವೀಲಿನ ನಡುಗೆರೆಗಿಂತ ತುಂಬಾ ಕೆಳಗೆ ಕೂರುತ್ತದೆ. ಹಲ್ಲುಗಳು ಒಂದಕ್ಕೊಂದು ಉಜ್ಜುವುದು ಜಾಸ್ತಿ, ಹಾಗಾಗಿ ಬಿಸಿಯೂ ಜಾಸ್ತಿ.

ಹೆಜ್ಜೆ 6: ಕೇಸು ಆರಿಸಿ

ಹೆಜ್ಜೆ 2ರ ಹಾಳೆ ತೆಗೆಯಿರಿ.

ರೋಡ್ ಟೈರು, ಮೆತ್ತಗೆ ಹೊರಡೋದು, ವರ್ಷಕ್ಕೆ ಒಂದೆರಡು ಸಲ ಸ್ಟ್ರಿಪ್ಪು: ಬಿರುಕಿಲ್ಲದ ಹಳೇ ಗ್ರೇ ಐರನ್ ಕೇಸೇ ಸಾಕು. ದುಡ್ಡನ್ನು ಬೇರಿಂಗಿಗೆ ಹಾಕಿ.

ಸ್ಲಿಕ್ ಅಥವಾ ಡ್ರ್ಯಾಗ್ ರೇಡಿಯಲ್ ಟೈರು, ಜೊತೆಗೆ ರೋಡಿನಲ್ಲಿ ಸಾವಿರಾರು ಮೈಲಿ: ಹೊಸ ನೋಡ್ಯುಲರ್ ಕೇಸು. ನಮ್ಮಲ್ಲಿ ಬಹುಪಾಲು ಜನ ಇಲ್ಲೇ ಬರುತ್ತೇವೆ. ಈಗ ನನ್ನ ಕಾರಿನಲ್ಲಿರುವುದೂ ಇದೇ.

ಟ್ರೈಲರ್ ಮೇಲೆ ಬಂದು ಟ್ರೈಲರ್ ಮೇಲೆ ಹೋಗುವ ಕಾರು, ಪ್ರತಿ ಸೀಸನ್ನಿಗೂ ಡಿಫರೆನ್ಷಿಯಲ್ ಬಿಚ್ಚಿ ನೋಡುವವರು: ಅಲ್ಯೂಮಿನಿಯಂ ಧಾರಾಳವಾಗಿ ಹಾಕಿ.

“ಆದರೆ ತೂಕ?” ಅಂತ ಕೇಳುತ್ತೀರಿ, ನಾನೂ ಕೇಳಿದ್ದೆ. ಇಲ್ಲಿನ ಓಟಗಾರರ ಬಾಯಿಲೆಕ್ಕ ಒಂದಿದೆ: 100 ಪೌಂಡ್ ಇಳಿಸಿದರೆ ಕಾಲು ಮೈಲಿಯಲ್ಲಿ ಸುಮಾರು 0.1 ಸೆಕೆಂಡ್. ಕೇಸಿನಲ್ಲಿ ಉಳಿಯೋದು 20 ಪೌಂಡ್. ಅಂದರೆ 0.02 ಸೆಕೆಂಡ್. ಅಷ್ಟು ಸಮಯ ನಾನು ಹಸಿರು ದೀಪ ನೋಡಿ ಕಾಲು ಒತ್ತುವುದರಲ್ಲೇ ಕಳೆಯುತ್ತೇನೆ. ಮೇಲಾಗಿ ಕೇಸು ತಿರುಗುವ ಸಾಮಾನಲ್ಲ, ಸುಮ್ಮನೆ ಕೂರುವ ಸಾಮಾನು. ಅದೂ ಕಾರಿನ ಹಿಂದೆ, ತೀರಾ ಕೆಳಗೆ. ಡ್ರ್ಯಾಗ್ ಕಾರಿನಲ್ಲಿ ತೂಕ ಇರಲೇಬೇಕಾದರೆ ಇರಬೇಕಾದ್ದು ಅಲ್ಲೇ. ಗುಂಡಿ ಬಿದ್ದ ರೋಡಿನಲ್ಲಿ ಹಗುರ ಆಕ್ಸಲ್ ಸ್ವಲ್ಪ ಹಿತವಾಗಿರುತ್ತದೆ ಅನ್ನೋದು ನಿಜ, ಸ್ಪ್ರಿಂಗಿನ ಕೆಳಗಿನ ತೂಕ ಕಡಿಮೆಯಾಗುತ್ತದಲ್ಲ. ಆ ಹಿತಕ್ಕೆ ಕುಯ್‌ಗುಡುವ ಗೇರು ಬೇಕೇ ಅಂತ ನೀವೇ ನೋಡಿ.

ಗೇರಿನ ಲೋಹದಲ್ಲೂ ಇದೇ ನ್ಯಾಯ. 9310 ಉಕ್ಕಿನ ಗೇರು ಏಟು ತಡೆಯುತ್ತದೆ, ರೋಡಿನಲ್ಲಿ ಬೇಗ ಸವೆಯುತ್ತದೆ. ರೋಡಿಗೂ ಓಡುವ ಕಾರಿಗೆ 8620 ಕೇಳಿ ತಗೊಳ್ಳಿ.

ಹೆಜ್ಜೆ 7: ಕೊಂಡದ್ದು ನಿಜವಾಗಿ ಅದೇನಾ?

ಹಳೇದು ಕೊಳ್ಳುವವರಿಗೆ ಈ ಹೆಜ್ಜೆ. ಫೋರ್ಡಿನ ಹಳೇ ನೋಡ್ಯುಲರ್ ಕೇಸಿನ ಮುಂಭಾಗದಲ್ಲಿ ದೊಡ್ಡದಾಗಿ ಇಂಗ್ಲಿಷಿನ ‘ಎನ್’ ಅಕ್ಷರ ಎರಕದಲ್ಲೇ ಇರುತ್ತದೆ. ಬಣ್ಣ ಇದ್ದರೆ ಕೆರೆದು ನೋಡಿ. “ಒಳಗಿದೆ ಸಾರ್” ಅಂದರೆ ನಂಬಬೇಡಿ, ನಾನು ನಂಬಿದ್ದೆ.

ಆಮೇಲೆ ಮಾವನ ಪರೀಕ್ಷೆ. ಕೇಸನ್ನು ಪೂರ್ತಿ ಖಾಲಿ ಮಾಡಿ, ಹಗ್ಗದಲ್ಲಿ ತೂಗಿ, ಸಣ್ಣ ಸುತ್ತಿಗೆಯಿಂದ ಬಡಿಯಿರಿ. ನೋಡ್ಯುಲರ್ ಆದರೆ ಠಣ್ ಅಂದು ಸದ್ದು ಎಳೆಯುತ್ತದೆ. ಬೇರಿಂಗ್ ಕಪ್ಪು, ಅದನ್ನು ಬಿಗಿದು ಹಿಡಿಯುವ ಕ್ಯಾಪು ಒಳಗೇ ಇದ್ದರೆ, ಅಥವಾ ನೆಲದ ಮೇಲೆ ಇಟ್ಟು ಬಡಿದರೆ ಸದ್ದು ಮೋಸ ಮಾಡುತ್ತದೆ. ನೋಡ್ಯುಲರ್ ಅಂತ ಗೊತ್ತಿದ್ದೂ ‘ದಡ್’ ಅಂದರೆ ಬಿರುಕಿದೆ ಅಂತ ಅನುಮಾನ ಪಡಿ.

ಇನ್ನೂ ಅನುಮಾನವೇ? ಕೆಲಸಕ್ಕೆ ಬಾರದ ಒಂದು ಅಂಚಿನಲ್ಲಿ 3 ಮಿಲಿಮೀಟರ್ ಡ್ರಿಲ್ ಬಿಟ್ ಹಾಕಿ ಸ್ವಲ್ಪ ಕೊರೆಯಿರಿ. ಗ್ರೇ ಐರನ್ ಆದರೆ ಕಪ್ಪು ಪುಡಿ ಉದುರುತ್ತದೆ. ಬೆರಳಲ್ಲಿ ತಿಕ್ಕಿದರೆ ಪೆನ್ಸಿಲ್ ಪುಡಿ ಥರ ಮಸಿ ಹತ್ತುತ್ತದೆ. ನೋಡ್ಯುಲರ್‌ನಲ್ಲಿ ಪುಡಿಗಿಂತ ಸಣ್ಣ ಸುರುಳಿ ಚೂರು ಜಾಸ್ತಿ.

ಬಿರುಕು ಹುಡುಕಲು ಡೈ ಪೆನಿಟ್ರಂಟ್ ಕಿಟ್ ಸಾಕು. ಕೆಂಪು ಬಣ್ಣ ಸಿಂಪಡಿಸಿ, ಕಾದು, ಒರೆಸಿ, ಬಿಳಿ ಪುಡಿ ಹಾಕಿದರೆ ಬಿರುಕಿದ್ದಲ್ಲಿ ಕೆಂಪು ಗೆರೆ ಮೂಡುತ್ತದೆ. ಪೈಲಟ್ ಬೇರಿಂಗಿನ ಸುತ್ತ, ಬೇರಿಂಗ್ ಕ್ಯಾಪಿನ ಬುಡ, ಇವೆರಡು ಜಾಗ ಬಿಡಬೇಡಿ. ಕ್ಯಾಪುಗಳನ್ನು ಕೇಸಿನ ಜೊತೆಗೇ ಕೊರೆದಿರುತ್ತಾರೆ. ಎಡಬಲ ಅದಲುಬದಲಾದರೆ, ಬೇರೆ ಕೇಸಿನದು ಸೇರಿಕೊಂಡರೆ ತೂತು ದುಂಡಗಿರಲ್ಲ. ಬಿಚ್ಚುವ ಮುಂಚೆ ಗುರುತು ಹಾಕಿ.

ಹೆಜ್ಜೆ 8: ಈಗ ಹೌಸಿಂಗ್

ಹೊರಡುವಾಗ ಚಕ್ರ ಮುಂದಕ್ಕೆ ತಿರುಗಲು ಎಷ್ಟು ಟಾರ್ಕ್ ಬೇಕೋ, ಅಷ್ಟೇ ಟಾರ್ಕ್ ಹೌಸಿಂಗನ್ನು ಹಿಂದಕ್ಕೆ ತಿರುಗಿಸಲು ನೋಡುತ್ತದೆ. ಮೇಲಿನ ಲೆಕ್ಕದಲ್ಲಿ 5100 ನ್ಯೂಟನ್ ಮೀಟರ್. ಜೊತೆಗೆ ಎರಡೂ ಚಕ್ರ ಕಾರನ್ನು ಮುಂದಕ್ಕೆ ನೂಕುವಾಗ ಕೊಳವೆಗಳ ತುದಿ ಮುಂದಕ್ಕೆ ಬಾಗುತ್ತದೆ.

ಕಾರ್ಖಾನೆಯ 9 ಇಂಚಿನ ಹೌಸಿಂಗ್ ಒತ್ತಿದ ಉಕ್ಕಿನ ತಗಡು. ಹಿಂದೆ ಒಂದು ಬ್ಯಾಕ್ ಬ್ರೇಸ್ (ಆಸರೆ) ಬೆಸುಗೆ ಹಾಕಿದರೆ ಸ್ಲಿಕ್ಕಿಗೂ ತಡೆದುಕೊಳ್ಳುತ್ತದೆ. ಅದಕ್ಕಿಂತ ಮೇಲೆ ಹೋಗುವವರು 4.8 ಮಿಲಿಮೀಟರ್ ಉಕ್ಕಿನ ಹಾಳೆ ಕತ್ತರಿಸಿ ಬೆಸೆದ ಫ್ಯಾಬ್ರಿಕೇಟೆಡ್ ಹೌಸಿಂಗ್ ಕೊಳ್ಳುತ್ತಾರೆ.

ಇಲ್ಲಿ ‘ಕ್ರೋಮೋಲಿ’ ಅನ್ನುವ ಪದಕ್ಕೆ ಮರುಳಾಗಬೇಡಿ. ಕ್ರೋಮಿಯಂ, ಮೊಲಿಬ್ಡಿನಂ ಬೆರೆಸಿದ ಉಕ್ಕು ಇದು. 4130 ಕ್ರೋಮೋಲಿಯ ಬಲ ಮಾಮೂಲಿ ಮೈಲ್ಡ್ ಸ್ಟೀಲ್‌ಗಿಂತ ಜಾಸ್ತಿ. ಆದರೆ ಬಿಗಿತ ಎರಡರದ್ದೂ ಒಂದೇ. ಅದೇ ಅಳತೆಯ ಕೊಳವೆ ಅಷ್ಟೇ ಬಾಗುತ್ತದೆ. ಕ್ರೋಮೋಲಿಯಲ್ಲಿ ತೆಳುವಾಗಿ ಮಾಡಿ ತೂಕ ಉಳಿಸಬಹುದು, ಆಗ ಬಾಗೋದು ಜಾಸ್ತಿಯೇ ಆಗುತ್ತದೆ.

ಬಿಗಿತ ಬೇಕಿದ್ದರೆ ಕೊಳವೆಯ ವ್ಯಾಸ ನೋಡಿ. 3 ಇಂಚಿನ ಕೊಳವೆ, ಗೋಡೆ ಕಾಲು ಇಂಚು, ಇದು ಒಂದು. 3.25 ಇಂಚಿನ ಕೊಳವೆ, ಗೋಡೆ 0.188 ಇಂಚು, ಇದು ಇನ್ನೊಂದು. ಲೆಕ್ಕ ಹಾಕಿದರೆ ಎರಡನೆಯದು ಮೂರು ಪರ್ಸೆಂಟ್ ಜಾಸ್ತಿ ಬಿಗಿ, ತೂಕದಲ್ಲಿ 16 ಪರ್ಸೆಂಟ್ ಕಡಿಮೆ. ನನಗೆ ಇದು ಅಲ್ಯೂಮಿನಿಯಂ ಕೇಸಿಗಿಂತ ಬುದ್ಧಿವಂತ ಉಳಿತಾಯ ಅನಿಸುತ್ತದೆ.

8.8 ಇಟ್ಟುಕೊಂಡೇ ಓಡುವವರಿಗೆ: ಅದರ ಕೊಳವೆಗಳನ್ನು ನಡುವಿನ ಬೀಡಿಗೆ ಒತ್ತಿ, ಒಂದೆರಡು ಕಡೆ ಪ್ಲಗ್ ವೆಲ್ಡ್ ಮಾಡಿರುತ್ತಾರೆ. ಸ್ಲಿಕ್ ಹಾಕಿದರೆ ಕೊಳವೆ ಬೀಡಿನೊಳಗೆ ತಿರುಗುತ್ತದೆ. ಸುತ್ತಲೂ ಬೆಸುಗೆ ಹಾಕಿಸಬೇಕು, ಆದರೆ ಬೀಡನ್ನು ಉಕ್ಕಿನ ಹಾಗೆ ಬೆಸೆಯಲು ಹೋದರೆ ಪಕ್ಕದಲ್ಲೇ ಬಿರಿಯುತ್ತದೆ. ಮೊದಲು ಬಿಸಿ ಮಾಡಿ, ನಿಕಲ್ ರಾಡ್‌ನಲ್ಲಿ, ಎದುರುಬದುರು ಸ್ವಲ್ಪ ಸ್ವಲ್ಪ ಹಾಕಿ, ಕಂಬಳಿ ಹೊದಿಸಿ ನಿಧಾನ ಆರಿಸಬೇಕು. ವೆಲ್ಡಿಂಗ್ ಕಂಬಳಿ, ಮನೆಯದಲ್ಲ. ಬೇರಿಂಗ್ ಕ್ಯಾಪಿಗೆ ಹಿಂದಿನಿಂದ ಆನಿಕೆ ಕೊಡುವ ದಪ್ಪ ಕವರ್ ಕೂಡ ಸಿಗುತ್ತದೆ, ಹಾಕಿಸಿ. ಇನ್ನೊಂದು ನೆನಪಿಡಿ: ಇಲ್ಲಿನ ಡ್ರ್ಯಾಗ್ ರೇಸ್ ಸಂಸ್ಥೆ ಎನ್‌ಎಚ್‌ಆರ್‌ಎ ನಿಯಮದಂತೆ ಕಾಲು ಮೈಲಿಯನ್ನು 10.99 ಸೆಕೆಂಡಿಗೋ ಅದಕ್ಕೂ ಬೇಗವೋ ಓಡುವ ಕಾರಿಗೆ ಬೇರೆ ಗಟ್ಟಿ ಆಕ್ಸಲ್ ಶಾಫ್ಟು, ಅದು ಕಳಚದಂತೆ ಹಿಡಿಯುವ ವ್ಯವಸ್ಥೆ ಕಡ್ಡಾಯ. ಒಳತುದಿಯ ಸಣ್ಣ ಸಿ-ಕ್ಲಿಪ್ಪಿನ ಕೊಂಡಿಯಲ್ಲಿ ನಿಂತ 8.8 ಶಾಫ್ಟು ಅಲ್ಲಿ ನಡೆಯಲ್ಲ.

ಯಾವ ಹೌಸಿಂಗ್ ಆದರೂ ಬ್ರ್ಯಾಕೆಟ್ಟು, ಬ್ರೇಸು ಎಲ್ಲ ಬೆಸೆದು ಮುಗಿದ ಮೇಲೆ ಅಲೈನ್‌ಮೆಂಟ್ ಬಾರ್ ತೂರಿಸಿ ನೇರ ಇದೆಯೇ ನೋಡಿಸಿ. ಬೆಸುಗೆ ಆರುವಾಗ ಕೊಳವೆಯನ್ನು ಎಳೆಯುತ್ತದೆ. ತುದಿಯ ಫ್ಲ್ಯಾಂಜುಗಳನ್ನು ಕೊನೆಯಲ್ಲಿ, ಬಾರ್ ಇಟ್ಟುಕೊಂಡೇ ಬೆಸೆಯಬೇಕು.

ಹೆಜ್ಜೆ 9: ಕೂರಿಸುವಾಗ

ನೋಡ್ಯುಲರ್ ಕೇಸಿಗೆ ಬ್ಯಾಕ್‌ಲ್ಯಾಶ್ ಸಾಮಾನ್ಯವಾಗಿ 8ರಿಂದ 12 ಥೌ. ಅಲ್ಯೂಮಿನಿಯಂಗೆ ತುಸು ಬಿಗಿ, ಸೈಡ್ ಬೇರಿಂಗಿಗೆ ಪ್ರೀಲೋಡೂ ಜಾಸ್ತಿ. ಗೇರಿನ ಜೊತೆಗೂ ಕೇಸಿನ ಜೊತೆಗೂ ಬರುವ ಹಾಳೆಯನ್ನು ಕಸಕ್ಕೆ ಹಾಕಬೇಡಿ, ಕೊನೆಯ ಮಾತು ಅದರದ್ದೇ. ಕೂರಿಸುವವರಿಗೆ “ಇದು ಅಲ್ಯೂಮಿನಿಯಂ” ಅಂತ ಬಾಯಿಬಿಟ್ಟು ಹೇಳಿ, ಚೀಟಿಯಲ್ಲೂ ಬರೆದು ಅಂಟಿಸಿ. ಅಲ್ಯೂಮಿನಿಯಂ ಥ್ರೆಡ್ಡಿಗೆ ಬೋಲ್ಟು ನೇರ ಹಾಕದೆ ಸ್ಟಡ್ ಅಥವಾ ಹೆಲಿಕಾಯಿಲ್ (ತೂತಿನೊಳಗೆ ಕೂರಿಸುವ ತಂತಿ ಸುರುಳಿಯ ಥ್ರೆಡ್ಡು) ಹಾಕಿಸಿದರೆ ನಾಲ್ಕು ಸಲ ಬಿಚ್ಚಿದರೂ ಥ್ರೆಡ್ಡು ಉಳಿಯುತ್ತದೆ. ಉಪ್ಪಿನ ರೋಡಿನವರು ಬೋಲ್ಟು ಕಚ್ಚಿಕೊಳ್ಳದಂತೆ ಅದಕ್ಕೆ ಆ್ಯಂಟಿ-ಸೀಜ್ ಹಚ್ಚಿ. ಟಾರ್ಕ್ ಕೊಡುವಾಗ ಹಚ್ಚಿದ್ದನ್ನು ಲೆಕ್ಕಕ್ಕೆ ತಗೊಳ್ಳಿ.

ಹೊಸ ಗೇರಿಗೆ ಮೊದಲ ಓಟ 15–20 ಮೈಲಿ, ಮೆತ್ತಗೆ. ಪೂರ್ತಿ ತಣ್ಣಗಾಗಲು ಬಿಡಿ. ಹೀಗೆ ಎರಡು ಮೂರು ಸಲ. ಆಮೇಲೆ ಸ್ಟ್ರಿಪ್ಪು.

ಸ್ಟ್ರಿಪ್ಪಿಗೆ ಹೋಗುವ ಮುಂಚೆ ಕೊಳವೆ ಮತ್ತು ನಡುಭಾಗ ಸೇರುವಲ್ಲಿ ಬಿಳಿ ಪೇಂಟ್ ಮಾರ್ಕರಿನಿಂದ ಅಡ್ಡಗೆರೆ ಎಳೆಯಿರಿ, ಎರಡೂ ಕಡೆ. ಬಂದ ಮೇಲೆ ಕೆಳಗೆ ಮಲಗಿ ಟಾರ್ಚ್ ಹಾಕಿ ನೋಡಿ. ನನ್ನ ಗೆಳೆಯನೊಬ್ಬ 8.8ರಲ್ಲಿ ಆರು ಸಲ ಓಡಿ ಬಂದು, ಏನೂ ಆಗಿಲ್ಲ ಅಂತ ಬೀಗುತ್ತಿದ್ದ. ಗೆರೆ ಬಲಗಡೆ ಎರಡು ಮಿಲಿಮೀಟರ್ ಸರಿದಿತ್ತು. ಮರುದಿನವೇ ನಿಕಲ್ ರಾಡ್ ತರಲು ಹೋದ.